ಮೂಳೆ ವಾರ್ಡಿಗೊಬ್ಬ ಔಷಧ ತಜ್ಞ

ಕಬ್ಬು ಅರೆಯುವ ಹಂಗಾಮು ಶುರುವಾಯಿತೆಂದರೆ ಪಾಂಡವಪುರ, ಕೆ.ಆರ್. ಪೇಟೆ ಕಡೆಯ ರಸ್ತೆಗಳಲ್ಲಿ ಕತ್ತಲಾದ ಮೇಲೆ ಬೈಕಿನಲ್ಲಿ ಹೋಗುವವರು ಜೀವವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್, ಅದರ ಟ್ರೈಲರಿನಿಂದ ಎರಡೂ ಮಗ್ಗುಲಿಗೆ ಚಾಚಿಕೊಂಡ ಜಲ್ಲೆಗಳು, ಎದುರಿನಿಂದ ಕಣ್ಣು ಕೋರೈಸುವ ಲಾರಿ. ಶ್ರೀರಂಗಪಟ್ಟಣದ ಮಗ್ಗುಲಲ್ಲೇ ಹಾದುಹೋಗುವ ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಿದ್ದರಿಂದ ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳು ಓಡಾಡದಂತೆ ನಿಷೇಧಿಸಬೇಕಾಯಿತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನ ಮೇಲೆ ಬೆಂಗಳೂರು–ಮಂಗಳೂರು ಹೆದ್ದಾರಿ. ಇವು ಸಾಲದೆಂಬಂತೆ ತೆಂಗಿನ ಮರದಿಂದ ಬಿದ್ದವರು, ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯರು. ಮೂಳೆ ಮುರಿತವೆಂಬುದು ನಮ್ಮ ಈ ನಾಲ್ಕು ತಾಲ್ಲೂಕುಗಳ ಯಾವ ಮನೆಗೂ ಹೊಸ ಮಾತಲ್ಲ.

ಬಿದ್ದವರನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ ಒಯ್ಯುತ್ತಾರೆ. ಅಲ್ಲಿ ಆಗದಿದ್ದರೆ ಮಂಡ್ಯದ ಮಿಮ್ಸ್‌ಗೆ, ಮೈಸೂರಿನ ಕೆ.ಆರ್. ಆಸ್ಪತ್ರೆಗೆ, ಇಲ್ಲವೆ 1986ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿರುವ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಗೆ. ಇನ್ನೂ ಕಠಿಣವಾದರೆ ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆ. ವಾರ ಕಳೆದ ಮೇಲೆ ನೋಡಲು ಹೋದ ನೆಂಟರಿಷ್ಟರು ಕೇಳುವ ಪ್ರಶ್ನೆಗಳು ಎರಡೇ: ‘ಆಪರೇಷನ್ ಮಾಡಿದ ಡಾಕ್ಟರು ಯಾರು?’, ‘ರಾಡು ಹಾಕಿದರೋ ಪ್ಲೇಟು ಹಾಕಿದರೋ?’ ರಾಡು, ಪ್ಲೇಟು, ಸ್ಕ್ರೂಗಳೆಲ್ಲ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುತ್ತವೆ. ಆದರೆ ಆ ಒಂದು ವಾರದಲ್ಲಿ ರೋಗಿಯ ರಕ್ತದೊಳಗೆ ಇಳಿದ ಹತ್ತು ಹನ್ನೆರಡು ಬಗೆಯ ಔಷಧಗಳು ಯಾವ ಎಕ್ಸ್-ರೇಯಲ್ಲೂ ಕಾಣುವುದಿಲ್ಲ. ಮೂಳೆಯನ್ನು ಶಸ್ತ್ರವೈದ್ಯರು ಕೂಡಿಸುತ್ತಾರೆ, ನಿಜ. ಕೂಡಿಸಿದ್ದು ಕೊಳೆಯದಂತೆ, ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗದಂತೆ, ಮೂತ್ರಪಿಂಡ ಕೈಕೊಡದಂತೆ ಕಾಯುವುದು ಬಹುಪಾಲು ಔಷಧಗಳ ಕೆಲಸ. ಆ ಔಷಧಗಳನ್ನೇ ದಿನವಿಡೀ ಕಾಯುವುದಕ್ಕೆ ಒಬ್ಬ ಮನುಷ್ಯ ಬೇಡವೇ?

ಬೇಕು ಎಂದು ಹೊರದೇಶಗಳ ದೊಡ್ಡ ಆಸ್ಪತ್ರೆಗಳು ಎಂದೋ ತೀರ್ಮಾನಿಸಿವೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಅಪಘಾತ ಮತ್ತು ಮೂಳೆ ವಿಭಾಗಕ್ಕೆಂದೇ ತಜ್ಞ ಫಾರ್ಮಸಿಸ್ಟ್ ಹುದ್ದೆಗಳಿವೆ. ಅವರು ಕೌಂಟರಿನ ಹಿಂದೆ ನಿಲ್ಲುವವರಲ್ಲ. ವೈದ್ಯರ ಜೊತೆ ಹಾಸಿಗೆಯಿಂದ ಹಾಸಿಗೆಗೆ ನಡೆಯುವವರು. 2006ರಿಂದ, ಅದಕ್ಕೆಂದೇ ತರಬೇತಿ ಪಡೆದ ಫಾರ್ಮಸಿಸ್ಟರಿಗೆ ಅಲ್ಲಿ ಸ್ವತಂತ್ರವಾಗಿ ಔಷಧ ಬರೆಯುವ ಅಧಿಕಾರವೂ ಇದೆ. ನಮ್ಮಲ್ಲಿ ಆ ಅಧಿಕಾರವಿಲ್ಲ. ಆದರೆ ಆ ಕೆಲಸವನ್ನು ಕಲಿಸುವ ಓದು ನಮ್ಮ ಜಿಲ್ಲೆಯೊಳಗೇ ಇದೆ. ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲವಲ್ಲ ಎಂಬ ಕಾರಣಕ್ಕೇ ಈ ಲೇಖನ.

ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ಮೇಲೆ ನನ್ನ ಹಳೆಯ ವಿದ್ಯಾರ್ಥಿಗಳ ತಂದೆಯವರು ಬಸ್ ನಿಲ್ದಾಣದಲ್ಲೋ ಸಂತೆಯಲ್ಲೋ ಸಿಕ್ಕಿ ಕೇಳುವುದು ಒಂದೇ ಮಾತು: ‘ಮೇಷ್ಟ್ರೇ, ಹೈದಂಗೆ ಮೆಡಿಕಲ್ ಸೀಟು ಸಿಕ್ಕಲಿಲ್ಲ. ಫಾರ್ಮಸಿಗೆ ಹಾಕುದ್ರೆ ಒಂದು ಮೆಡಿಕಲ್ ಸ್ಟೋರಾದ್ರೂ ಇಟ್ಕೋಬೋದಲ್ವಾ?’ ಇಟ್ಟುಕೊಳ್ಳಬಹುದು, ತಪ್ಪೇನಿಲ್ಲ, ಮರ್ಯಾದೆಯ ಕಸುಬು. ಆದರೆ ಫಾರ್ಮಸಿಯೆಂದರೆ ಅಷ್ಟೇ ಎಂದುಕೊಂಡಿರುವುದು ಮಾತ್ರ ಸರಿಯಲ್ಲ.

ಕಾಂಪೌಂಡರ್ ಕಾಲದಿಂದ ಈಚೆಗೆ

ನಮ್ಮ ಅಜ್ಜಂದಿರ ಕಾಲದಲ್ಲಿ ಆಸ್ಪತ್ರೆಯೆಂದರೆ ಇಬ್ಬರು: ಡಾಕ್ಟರು ಮತ್ತು ಕಾಂಪೌಂಡರು. ಕೆಂಪು ನೀರು, ಬಿಳಿ ನೀರು ಕಲಸಿ, ಸೀಸೆಗೆ ಕಾಗದದ ಗೆರೆ ಅಂಟಿಸಿ ‘ಇಷ್ಟಿಷ್ಟು ಕುಡಿ’ ಎಂದು ಕಳಿಸುತ್ತಿದ್ದವರು ಕಾಂಪೌಂಡರು. ಔಷಧವನ್ನು ನಿಜವಾಗಿ ‘ಕಾಂಪೌಂಡ್’ ಮಾಡುತ್ತಿದ್ದುದರಿಂದ ಆ ಹೆಸರು. 1948ರ ಫಾರ್ಮಸಿ ಕಾಯ್ದೆ ಬಂದ ಮೇಲೆ, ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ವೈದ್ಯರ ಚೀಟಿಗೆ ಔಷಧ ತಯಾರಿಸಿ ಕೊಡುವಂತಿಲ್ಲ ಎಂದಾಯಿತು. ಮುಂದೆ ಮಾತ್ರೆಗಳೆಲ್ಲ ಕಾರ್ಖಾನೆಯಿಂದಲೇ ಸಿದ್ಧವಾಗಿ ಬರತೊಡಗಿದಾಗ ಕಲಸುವ ಕೆಲಸ ಹೋಗಿ, ಎಣಿಸಿ ಕೊಡುವ ಕೆಲಸ ಉಳಿಯಿತು. ಓದಿದ ರಸಾಯನಶಾಸ್ತ್ರವೆಲ್ಲ ಕಪಾಟಿನ ಹಿಂದೆ ನಿಂತುಬಿಟ್ಟಿತು.

ಅದನ್ನು ಮತ್ತೆ ರೋಗಿಯ ಬಳಿಗೆ ತರುವ ಪ್ರಯತ್ನದಲ್ಲಿ ನಮ್ಮ ಪಕ್ಕದ ಮೈಸೂರಿಗೆ ದೊಡ್ಡ ಪಾಲಿದೆ. 1973ರಲ್ಲಿ ಆರಂಭವಾದ ಅಲ್ಲಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದ ಉತ್ತರಾರ್ಧದಲ್ಲಿ, ಆಸ್ಟ್ರೇಲಿಯದ ತಜ್ಞರ ನೆರವಿನೊಂದಿಗೆ, ಆಸ್ಪತ್ರೆಯ ವಾರ್ಡುಗಳಲ್ಲೇ ಕಲಿಯುವ ಸ್ನಾತಕೋತ್ತರ ಶಿಕ್ಷಣವನ್ನು ಶುರು ಮಾಡಿತು. ದೇಶದಲ್ಲಿ ಇದಕ್ಕೆ ಕೈಹಾಕಿದ ಮೊದಲ ಕೆಲವು ಕಾಲೇಜುಗಳಲ್ಲಿ ಅದೂ ಒಂದು. 2008ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ‘ಫಾರ್ಮ್.ಡಿ.’ ಎಂಬ ಆರು ವರ್ಷಗಳ ಪದವಿಗೆ ನಿಯಮ ರೂಪಿಸಿತು. ಐದು ವರ್ಷ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಮೆ. ಆ ನಿಯಮದಲ್ಲಿ, ವಿದ್ಯಾರ್ಥಿಗಳನ್ನು ಕಳಿಸಬಹುದಾದ ವಿಶೇಷ ವಿಭಾಗಗಳ ಪಟ್ಟಿಯಲ್ಲಿ ಮೂಳೆ ವಿಭಾಗದ ಹೆಸರೂ ಇದೆ. ಕಲಿಕೆಯ ಆಸ್ಪತ್ರೆಗೆ ಕನಿಷ್ಠ 300 ಹಾಸಿಗೆ ಇರಬೇಕೆಂಬ ಷರತ್ತೂ ಇದೆ.

ಮೊದಲ ಮೂರು ಗಂಟೆ

ಮೂಳೆ ವಾರ್ಡಿನಲ್ಲಿ ಔಷಧ ತಜ್ಞನಿಗೆ ಏನು ಕೆಲಸ? ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಕಿಕ್ಕೇರಿ ಕಡೆಯ ರೈತರೊಬ್ಬರು ಹುಲ್ಲಿನ ಹೊರೆ ಇಟ್ಟುಕೊಂಡು ಮೊಪೆಡ್‌ನಲ್ಲಿ ಬರುವಾಗ ಟ್ರ್ಯಾಕ್ಟರಿಗೆ ಗುದ್ದಿಕೊಂಡರು. ತೊಡೆಯ ಮೂಳೆ ಮುರಿದಿದೆ, ಮೊಣಕಾಲ ಕೆಳಗೆ ಮೂಳೆ ಚರ್ಮ ಸೀಳಿ ಹೊರಗೆ ಬಂದಿದೆ, ಗಾಯದ ತುಂಬ ಗದ್ದೆಯ ಮಣ್ಣು. ರಕ್ತ ಹರಿದುಹೋಗುತ್ತಿದೆ.

ಗಾಯವಾದಾಗ ರಕ್ತದಲ್ಲಿ ಫೈಬ್ರಿನ್ ಎಂಬ ನಾರಿನ ಬಲೆ ಹೆಣೆದುಕೊಂಡು ಹೆಪ್ಪುಗಟ್ಟುತ್ತದೆ. ಇದನ್ನು ಪ್ರೌಢಶಾಲೆಯಲ್ಲೇ ಓದಿದ್ದೀರಿ. ನಾವು ಪಾಠದಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವ ಇನ್ನೊಂದು ಸಂಗತಿಯಿದೆ. ಆ ಬಲೆಯನ್ನು ಕತ್ತರಿಸುವ ಕತ್ತರಿಯೂ ನಮ್ಮ ದೇಹದಲ್ಲೇ ಇದೆ. ಅದರ ಹೆಸರು ಪ್ಲಾಸ್ಮಿನ್. ದೊಡ್ಡ ಅಪಘಾತದಲ್ಲಿ ಈ ಕತ್ತರಿ ಅತಿಯಾಗಿ ಕೆಲಸ ಮಾಡಿಬಿಡುತ್ತದೆ. ಕಟ್ಟಿದ ಹೆಪ್ಪು ಕರಗಿ ರಕ್ತ ನಿಲ್ಲುವುದೇ ಇಲ್ಲ. ಕತ್ತರಿ ಬಂದು ನಾರಿಗೆ ಅಂಟಿಕೊಳ್ಳುವ ಜಾಗವನ್ನೇ ಮುಚ್ಚಿಬಿಡುವ ಔಷಧ ಟ್ರಾನೆಕ್ಸಾಮಿಕ್ ಆಮ್ಲ. ಜಪಾನಿನ ಒಕಾಮೊಟೊ ದಂಪತಿಗಳು 1962ರಲ್ಲಿ ಇದರ ಬಗ್ಗೆ ಪ್ರಕಟಿಸಿದರು. ಪತ್ನಿ ಉಟಾಕೊ ಅವರು ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದರಂತೆ. ನಮ್ಮ ಹೆಣ್ಣುಮಕ್ಕಳು ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ನಾಟಿ ಹಾಕುವುದನ್ನು ಕಂಡ ನಮಗೆ ಇದು ಅರ್ಥವಾಗದ ಮಾತೇನಲ್ಲ.

ಈ ಅಗ್ಗದ ಔಷಧ ಅಪಘಾತದಲ್ಲಿ ನಿಜಕ್ಕೂ ಜೀವ ಉಳಿಸುತ್ತದೆಯೇ ಎಂಬುದನ್ನು 40 ದೇಶಗಳ ಸುಮಾರು 20,000 ಗಾಯಾಳುಗಳಲ್ಲಿ ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಾರತದ ಆಸ್ಪತ್ರೆಗಳೂ ಅದರಲ್ಲಿ ಭಾಗವಹಿಸಿದ್ದವು. ಸಾವು ಕಡಿಮೆಯಾಗಿತ್ತು. ಮರುವರ್ಷ ಅದೇ ಅಂಕಿಅಂಶಗಳನ್ನು ಗಂಟೆಯ ಲೆಕ್ಕದಲ್ಲಿ ಬಿಡಿಸಿ ನೋಡಿದಾಗ ಇನ್ನೊಂದು ಸತ್ಯ ಗೋಚರಿಸಿತು: ಗಾಯವಾದ 3 ಗಂಟೆಯೊಳಗೆ ಕೊಟ್ಟರೆ ಉಪಕಾರ, ಆಮೇಲೆ ಕೊಟ್ಟರೆ ಅಪಕಾರ. ಅದೇ ಔಷಧ, ಅದೇ ಪ್ರಮಾಣ, ಗಡಿಯಾರ ಮಾತ್ರ ಬೇರೆ. ಕಿಕ್ಕೇರಿಯಿಂದ ಕೆ.ಆರ್. ಪೇಟೆ, ಅಲ್ಲಿಂದ ಮೈಸೂರು ಅಥವಾ ಬಿ.ಜಿ. ನಗರ ಎಂದು ಸಾಗುವಷ್ಟರಲ್ಲಿ ಎಷ್ಟು ಹೊತ್ತಾಯಿತು, ಹಿಂದಿನ ಆಸ್ಪತ್ರೆಯಲ್ಲಿ ಒಂದು ಸಲ ಕೊಟ್ಟಾಗಿದೆಯೇ, ಚೀಟಿಯಲ್ಲಿ ಬರೆದಿದ್ದಾರೆಯೇ — ಇದನ್ನೆಲ್ಲ ನೋಡಿ ಹೇಳುವವನೊಬ್ಬ ಬೇಕು.

ಇನ್ನು ಗಾಯ. ಮೂಳೆ ಹೊರಬಂದ ಗಾಯಕ್ಕೆ ಸಾಧ್ಯವಾದರೆ ಒಂದು ಗಂಟೆಯೊಳಗೆ ಪ್ರತಿಜೈವಿಕ ಚುಚ್ಚುಮದ್ದು ಬೀಳಬೇಕೆಂದು ಬ್ರಿಟನ್ನಿನ ಮೂಳೆ ವೈದ್ಯರ ಸೂತ್ರ. ಗದ್ದೆ ಮಣ್ಣು, ಸಗಣಿ ಮೆತ್ತಿಕೊಂಡ ಗಾಯವಾದರೆ ಧನುರ್ವಾಯುವಿನ ಭಯ, ಗಾಳಿಯಿಲ್ಲದೆಡೆ ಬೆಳೆದು ಮಾಂಸವನ್ನೇ ಕೊಳೆಸುವ ಕ್ಲಾಸ್ಟ್ರಿಡಿಯಂ ಜಾತಿಯ ಸೂಕ್ಷ್ಮಜೀವಿಗಳ ಭಯ. ಪೇಟೆಯ ರಸ್ತೆಯಲ್ಲಿ ಬಿದ್ದವರಿಗೂ ಗದ್ದೆಬಯಲಿನಲ್ಲಿ ಬಿದ್ದವರಿಗೂ ಔಷಧದ ಆಯ್ಕೆಯಲ್ಲಿ ವ್ಯತ್ಯಾಸವಿದೆ. ‘ಎಲ್ಲಿ ಬಿದ್ದರು?’ ಎಂಬ ಪ್ರಶ್ನೆ ಪೊಲೀಸರಿಗಷ್ಟೇ ಸಂಬಂಧಿಸಿದ್ದಲ್ಲ.

ನಂಜು ಮೂಳೆಗೇ ಇಳಿದುಬಿಟ್ಟರೆ ಅದನ್ನು ತೆಗೆಯುವುದು ಬಲು ಕಷ್ಟ. ಸತ್ತ ಮೂಳೆಗೆ ರಕ್ತ ಸಂಚಾರವಿರುವುದಿಲ್ಲ, ರಕ್ತವಿಲ್ಲದೆಡೆಗೆ ಔಷಧ ತಲುಪುವುದಿಲ್ಲ. ಇದಕ್ಕೆ ಕಂಡುಕೊಂಡ ಉಪಾಯ ನನ್ನಂಥ ವಿಜ್ಞಾನದ ಮೇಷ್ಟರಿಗೆ ಬಹಳ ಹಿಡಿಸುವಂಥದ್ದು. ಮೂಳೆಗೆ ಬಳಸುವ ‘ಸಿಮೆಂಟ್’ ಎಂದರೆ ನಮ್ಮ ಮನೆ ಕಟ್ಟುವ ಸಿಮೆಂಟಲ್ಲ. ಅಕ್ರಿಲಿಕ್ ಹಾಳೆಗೆ ಬಳಸುವ ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಪ್ಲಾಸ್ಟಿಕ್ಕೇ. ಪುಡಿಗೆ ದ್ರವ ಬೆರೆಸಿದಾಗ ಅದು ಗಟ್ಟಿಯಾಗುತ್ತದೆ. ಆ ಪುಡಿಯಲ್ಲೇ ಪ್ರತಿಜೈವಿಕವನ್ನು ಸೇರಿಸಿ, ಮಣಿಗಳಂತೆ ಉಂಡೆ ಕಟ್ಟಿ, ಸರದಂತೆ ಪೋಣಿಸಿ ಗಾಯದೊಳಗೆ ಇಡುತ್ತಾರೆ. ಔಷಧ ಅಲ್ಲೇ ನಿಧಾನಕ್ಕೆ ಜಿನುಗುತ್ತದೆ. ಆದರೆ ಸಿಮೆಂಟ್ ಗಟ್ಟಿಯಾಗುವಾಗ ಬಿಸಿಯಾಗುತ್ತದಲ್ಲ, ಪಿಯುಸಿಯಲ್ಲಿ ಓದಿದ ಉಷ್ಣವಿಸರ್ಜಕ ಕ್ರಿಯೆ ಇದೇ. ಆ ಬಿಸಿಗೆ ಕೆಡುವ ಔಷಧ ಹಾಕಿದರೆ ಮಣಿಯಷ್ಟೇ ಉಳಿಯುತ್ತದೆ. ಜೆಂಟಾಮೈಸಿನ್, ವ್ಯಾಂಕೊಮೈಸಿನ್ ಬಿಸಿ ತಡೆಯುತ್ತವೆ. ಅದೂ ಒಣಪುಡಿಯಾಗಿರಬೇಕು, ದ್ರವರೂಪದ ಚುಚ್ಚುಮದ್ದು ಸುರಿದರೆ ಸಿಮೆಂಟಿನ ಬಲವೇ ಕುಂದುತ್ತದೆ. ಇಂಥ ಕಡೆ ರಸಾಯನಶಾಸ್ತ್ರ ಓದಿದವನ ಮಾತಿಗೆ ಬೆಲೆ.

ಅಜ್ಜಿಯ ಲೆಕ್ಕ

ಈ ವೃತ್ತಿಯ ತಿರುಳು ನನ್ನ ದೃಷ್ಟಿಯಲ್ಲಿ ಇರುವುದು ಅಪಘಾತದ ಗಡಿಬಿಡಿಯಲ್ಲಲ್ಲ, ಸೊಂಟ ಮುರಿದ ಅಜ್ಜಿಯ ಹಾಸಿಗೆಯ ಬಳಿ. ಪೆನ್ನು ಕಾಗದ ತೆಗೆದುಕೊಳ್ಳಿ, ಒಂದು ಲೆಕ್ಕ ಮಾಡೋಣ.

ಅಜ್ಜಿಗೆ 78 ವರ್ಷ, ತೂಕ 42 ಕಿಲೊ. ರಕ್ತಪರೀಕ್ಷೆಯ ವರದಿಯಲ್ಲಿ ಕ್ರಿಯಾಟಿನಿನ್ 1.2 ಎಂದಿದೆ. ಕ್ರಿಯಾಟಿನಿನ್ ಎಂದರೆ ಸ್ನಾಯುಗಳಿಂದ ಹುಟ್ಟುವ ಒಂದು ಕಸ; ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ರಕ್ತದಲ್ಲಿ ಅದು ಹೆಚ್ಚಿದ್ದರೆ ಮೂತ್ರಪಿಂಡ ಸೋತಿದೆ ಎಂದರ್ಥ. 1.2 ನೋಡಿದವರು ‘ಪರವಾಗಿಲ್ಲ, ನಾರ್ಮಲ್’ ಎನ್ನುತ್ತಾರೆ. ಪಕ್ಕದ ಹಾಸಿಗೆಯಲ್ಲಿ ಬೈಕಿನಿಂದ ಬಿದ್ದ 25 ವರ್ಷದ, 70 ಕಿಲೊ ತೂಕದ ಹುಡುಗ. ಅವನದೂ 1.2. ಇಬ್ಬರ ಮೂತ್ರಪಿಂಡವೂ ಒಂದೇ ಸಮ ಎನ್ನೋಣವೇ?

ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬಿಬ್ಬರು 1976ರಲ್ಲಿ ಕೊಟ್ಟ ಸೂತ್ರ ಹೀಗಿದೆ: 140ರಿಂದ ವಯಸ್ಸನ್ನು ಕಳೆಯಿರಿ, ಬಂದದ್ದನ್ನು ತೂಕದಿಂದ ಗುಣಿಸಿ, ಅದನ್ನು 72 ಮತ್ತು ಕ್ರಿಯಾಟಿನಿನ್‌ಗಳ ಗುಣಲಬ್ಧದಿಂದ ಭಾಗಿಸಿ. ಹೆಂಗಸರಾದರೆ ಕೊನೆಗೆ 0.85ರಿಂದ ಗುಣಿಸಿ. ಹುಡುಗನಿಗೆ 115ನ್ನು 70ರಿಂದ ಗುಣಿಸಿದರೆ 8050, ಅದನ್ನು 86.4ರಿಂದ ಭಾಗಿಸಿದರೆ ಸುಮಾರು 93. ಅಜ್ಜಿಗೆ 62ನ್ನು 42ರಿಂದ ಗುಣಿಸಿದರೆ 2604, 86.4ರಿಂದ ಭಾಗಿಸಿದರೆ ಸುಮಾರು 30, ಅದರ 0.85 ಎಂದರೆ ಸುಮಾರು 26. ಹುಡುಗನ ಮೂತ್ರಪಿಂಡ ನಿಮಿಷಕ್ಕೆ 93 ಮಿಲಿಲೀಟರ್ ರಕ್ತದ್ರವವನ್ನು ಶುದ್ಧ ಮಾಡಿದರೆ ಅಜ್ಜಿಯದು 26. ವರದಿಯ ಅಂಕಿ ಒಂದೇ. ಮೂತ್ರಪಿಂಡದ ಬಲ ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಅಜ್ಜಿಯ ಮೈಯಲ್ಲಿ ಸ್ನಾಯುವೇ ಇಲ್ಲದ್ದರಿಂದ ಕಸವೂ ಕಡಿಮೆ ಹುಟ್ಟುತ್ತದೆ, ಹಾಗಾಗಿ ವರದಿ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಸೊಂಟ ಮುರಿದು ಮಲಗಿದವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹೊಟ್ಟೆಯ ಚರ್ಮದಡಿ ಕೊಡುವ ಎನಾಕ್ಸಪರಿನ್ ಎಂಬ ಚುಚ್ಚುಮದ್ದಿದೆ. ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂ. ಅದನ್ನು ಹೊರಹಾಕುವುದು ಮೂತ್ರಪಿಂಡ. ಮೇಲಿನ ಲೆಕ್ಕದ ಉತ್ತರ 30ಕ್ಕಿಂತ ಕೆಳಗೆ ಬಂದರೆ ಪ್ರಮಾಣ ಇಳಿಸಬೇಕು, ಇಲ್ಲದಿದ್ದರೆ ದಿನದಿನಕ್ಕೆ ಮೈಯಲ್ಲಿ ಸೇರುತ್ತ ಹೋಗಿ ರಕ್ತಸ್ರಾವವಾಗಬಹುದು. ಜೆಂಟಾಮೈಸಿನ್, ಅಮಿಕಾಸಿನ್‌ಗಳ ಕಥೆಯೂ ಇದೇ. ಹೆಚ್ಚಾದರೆ ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು. ನಲವತ್ತು ಹಾಸಿಗೆಯ ವಾರ್ಡಿನಲ್ಲಿ, ಬೆಳಗಿನಿಂದ ಆಪರೇಷನ್ ಕೊಠಡಿಯಲ್ಲಿ ನಿಂತ ವೈದ್ಯರು ಪ್ರತಿ ಅಜ್ಜಿಗೂ ಈ ಲೆಕ್ಕ ಹಾಕುತ್ತ ಕೂರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಔಷಧ ತಜ್ಞ ಬೆಳಿಗ್ಗೆ ಬಂದು ಮೊದಲು ಮಾಡುವ ಕೆಲಸವೇ ಇದು.

(ಇಲ್ಲಿ ಕೊಟ್ಟ ಪ್ರಮಾಣಗಳು ವಿಷಯ ಅರ್ಥವಾಗಲೆಂದು ಮಾತ್ರ. ನಾನು ವೈದ್ಯನಲ್ಲ; ಇದನ್ನು ನೋಡಿ ಯಾರೂ ಮನೆಯಲ್ಲಿ ಔಷಧ ಬದಲಾಯಿಸಬಾರದು.)

ನೋವಿನ ಮಾತ್ರೆಯದು ಇನ್ನೊಂದು ಬಗೆಯ ಲೆಕ್ಕ. ಟೆಲ್ಮಿಸಾರ್ಟಾನ್ ಮತ್ತು ಹೈಡ್ರೊಕ್ಲೋರೊಥಯಜೈಡ್ ಎರಡೂ ಒಂದೇ ಮಾತ್ರೆಯಲ್ಲಿರುವ ಬಿ.ಪಿ. ಮಾತ್ರೆಯನ್ನು ಎಷ್ಟೋ ಜನ ದಿನವೂ ನುಂಗುತ್ತಾರೆ. ಅದರ ಮೇಲೆ ಮೂಳೆ ನೋವಿಗೆ ಡೈಕ್ಲೊಫಿನಾಕ್ ಸೇರಿದರೆ ಮೂರು ಔಷಧಗಳೂ ಮೂರು ದಿಕ್ಕಿನಿಂದ ಮೂತ್ರಪಿಂಡದ ಒತ್ತಡವನ್ನು ಕುಗ್ಗಿಸುತ್ತವೆ. ಬಿಡಿಬಿಡಿಯಾಗಿ ಯಾವುದೂ ವಿಷವಲ್ಲ. ಒಟ್ಟಿಗೆ ಸೇರಿ, ಜೊತೆಗೆ ವಾಂತಿಯೋ ಭೇದಿಯೋ ಆಗಿ ಮೈಯ ನೀರು ಇಳಿದಿದ್ದರೆ, ಒಂದು ವಾರದಲ್ಲಿ ಡಯಾಲಿಸಿಸ್ ಮಾತು ಬರಬಹುದು. ಮೂರು ಔಷಧವನ್ನೂ ಬರೆದವರು ಮೂವರು ಬೇರೆ ಬೇರೆ ವೈದ್ಯರಾಗಿದ್ದರೆ ಇದನ್ನು ಒಟ್ಟಿಗಿಟ್ಟು ನೋಡುವವರು ಯಾರು?

ಎಲೆ ಅಡಿಕೆ ಸಂಚಿಯಲ್ಲಿರುವ ಪುಡಿ

ರೋಗಿ ಈಗಾಗಲೇ ಏನೇನು ನುಂಗುತ್ತಿದ್ದಾರೆ ಎಂದು ಪತ್ತೆಮಾಡಿ ಪಟ್ಟಿ ಮಾಡುವುದು ಈ ಹುದ್ದೆಯ ದೊಡ್ಡ ಭಾಗ. ಇಂಗ್ಲಿಷ್ ಪುಸ್ತಕದಲ್ಲಿ ಇದು ಸುಲಭವಾಗಿ ಕಾಣುತ್ತದೆ. ನಮ್ಮ ಕಡೆ ಪತ್ತೇದಾರಿಕೆಯೇ ಸರಿ.

‘ಏನಾದ್ರೂ ಮಾತ್ರೆ ತಗೋತಿದ್ದೀರಾ ಅಜ್ಜಿ?’ ಎಂದರೆ ‘ಏನೂ ಇಲ್ಲ ಕಣಪ್ಪ’ ಎಂಬ ಉತ್ತರ ಬರುತ್ತದೆ. ಮಂಡಿನೋವಿಗೆ ಎಲ್ಲಿಂದಲೋ ತರಿಸಿದ ಪುಡಿಯ ಪೊಟ್ಟಣ ಎಲೆ ಅಡಿಕೆ ಸಂಚಿಯಲ್ಲೇ ಇರುತ್ತದೆ. ಅಜ್ಜಿಯ ಮಟ್ಟಿಗೆ ಅದು ಮಾತ್ರೆಯಲ್ಲವಲ್ಲ! ‘ನೋವಿಗೆ ಯಾರ ಹತ್ರ ತೋರ್‍ಸಿದ್ರಿ? ಅದು ತಗೊಂಡ ಮೇಲೆ ಹಸಿವು ಜಾಸ್ತಿ ಆಯ್ತಾ? ಮುಖ ಊದಿಕೊಂಡಂಗೆ ದುಂಡಗಾಯ್ತಾ?’ ಎಂದು ಮೆಲ್ಲಗೆ ಕೇಳಿದರೆ ಗುಟ್ಟು ಹೊರಬೀಳುತ್ತದೆ. ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ತಿಂಗಳುಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡವರ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನೇ ಮರೆತಿರುತ್ತದೆ. ಆಸ್ಪತ್ರೆಗೆ ಸೇರಿಸಿದಾಗ ಪುಡಿ ನಿಂತುಹೋಗುತ್ತದೆ. ಆಪರೇಷನ್ ನಡುವೆ ರಕ್ತದೊತ್ತಡ ಕುಸಿಯುತ್ತದೆ. ಕಾರಣ ತಿಳಿಯದೆ ಎಲ್ಲರೂ ಗಾಬರಿ. ಅಜ್ಜಿಯ ಮೂಳೆ ಜಾರಿ ಬಿದ್ದಷ್ಟಕ್ಕೇ ಮುರಿಯುವಷ್ಟು ಟೊಳ್ಳಾಗಲು ಆ ಪುಡಿಯೇ ಕಾರಣವಿದ್ದರೂ ಇರಬಹುದು.

ಹೃದಯದ ಕವಾಟ ಬದಲಾಯಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಅವರಿಗೆ ಮೂಳೆ ಮುರಿದರೆ ಶಸ್ತ್ರಕ್ರಿಯೆಗೆ ಮಾತ್ರೆ ನಿಲ್ಲಿಸಬೇಕು, ಆದರೆ ಬಹಳ ದಿನ ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನಿಲ್ಲಿಸುವುದು ಯಾವಾಗ, ಮರಳಿ ಶುರು ಮಾಡುವುದು ಯಾವಾಗ ಎಂಬುದನ್ನು ಹೃದಯ ವೈದ್ಯರು, ಮೂಳೆ ವೈದ್ಯರು, ಅರಿವಳಿಕೆ ವೈದ್ಯರು ಕೂಡಿ ತೀರ್ಮಾನಿಸಬೇಕು. ದಿನದ ಲೆಕ್ಕ ಇಟ್ಟು ನೆನಪಿಸುವವನು ಔಷಧ ತಜ್ಞ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಮಾತ್ರೆಯ ಕೆಲಸಕ್ಕೆ ಅಡ್ಡಬರುತ್ತದೆ. ಬಸ್ಸಾರು ಉಣ್ಣುವ ನಮ್ಮವರಿಗೆ ‘ಸೊಪ್ಪು ಬಿಡಿ’ ಎನ್ನುವುದಲ್ಲ, ‘ವಾರವಾರಕ್ಕೂ ಒಂದೇ ಸಮ ಉಣ್ಣಿ’ ಎಂದು ಹೇಳಲು ಬಸ್ಸಾರಿನ ಪರಿಚಯ ಇರಬೇಕು.

ಮನೆಗೆ ಕಳಿಸುವ ದಿನವೂ ಹಾಗೆಯೇ. ಟೊಳ್ಳು ಮೂಳೆಗೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಎಂಬ ಮಾತ್ರೆಯಿದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಲೋಟದ ತುಂಬ ಬರಿ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ ಕೂತೇ ಇರಬೇಕು. ಮಲಗಿದರೆ ಅನ್ನನಾಳ ಸುಡುತ್ತದೆ. ಕಾಫಿಯೊಂದಿಗೆ ನುಂಗಿದರೆ ಮೈಗೆ ಹತ್ತುವುದಿಲ್ಲ. ರಾಗಿ ಅಂಬಲಿಯೊಂದಿಗಂತೂ ಬೇಡವೇ ಬೇಡ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದು ಹೊಟ್ಟೆಯಲ್ಲೇ ಮಾತ್ರೆಯನ್ನು ಹಿಡಿದುಹಾಕಿಬಿಡುತ್ತದೆ. ಮೂಳೆಗೆ ರಾಗಿಯೂ ಬೇಕು, ಮಾತ್ರೆಯೂ ಬೇಕು, ಎರಡೂ ಒಟ್ಟಿಗೆ ಬೇಡ! ಇದನ್ನು ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಿ, ‘ಈಗ ನೀವೇ ಒಂದ್ಸಲ ಹೇಳಿ ನೋಡವಾ’ ಎಂದು ತಿರುಗಿ ಹೇಳಿಸುವುದಿದೆಯಲ್ಲ, ಅದರಲ್ಲಿ ನಮ್ಮ ಹಳ್ಳಿಯ ಮಕ್ಕಳನ್ನು ಮೀರಿಸುವವರು ಯಾರಿದ್ದಾರೆ? ಇಂಗ್ಲಿಷ್ ಬಾರದೆಂದು ಕೀಳರಿಮೆಪಡುವ ಹುಡುಗ ಹುಡುಗಿಯರು ಇದನ್ನು ಗಮನಿಸಬೇಕು.

ಓದು ಮತ್ತು ಕೆಲಸ

ಪಿಯುಸಿ ವಿಜ್ಞಾನದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಅಥವಾ ಗಣಿತ ಇದ್ದರೆ ಫಾರ್ಮಸಿಗೆ ಸೇರಬಹುದು. ಡಿ.ಫಾರ್ಮ. ಎರಡು ವರ್ಷ ಮತ್ತು ತರಬೇತಿ, ಬಿ.ಫಾರ್ಮ. ನಾಲ್ಕು ವರ್ಷ, ಫಾರ್ಮ್.ಡಿ. ಆರು ವರ್ಷ. ಬಿ.ಫಾರ್ಮ., ಫಾರ್ಮ್.ಡಿ. ಸೀಟುಗಳು ಸಿಇಟಿ ಮೂಲಕ ದೊರೆಯುತ್ತವೆ, ನೀಟ್ ಬೇಕಿಲ್ಲ. ಬಿ.ಫಾರ್ಮ. ಮುಗಿಸಿದವರು ಮೂರು ವರ್ಷ ಓದಿ ಫಾರ್ಮ್.ಡಿ. ಪಡೆಯುವ ದಾರಿಯೂ ಇದೆ, ಎಂ.ಫಾರ್ಮ.ನಲ್ಲಿ ಫಾರ್ಮಸಿ ಪ್ರಾಕ್ಟೀಸ್ ಎಂಬ ವಿಷಯವೂ ಇದೆ. ನಮ್ಮ ನಾಲ್ಕು ತಾಲ್ಲೂಕಿನವರಿಗೆ ಹತ್ತಿರವೆಂದರೆ ಬಿ.ಜಿ. ನಗರದ ಆದಿಚುಂಚನಗಿರಿ ಫಾರ್ಮಸಿ ಕಾಲೇಜು ಮತ್ತು ಮೈಸೂರಿನ ಜೆ.ಎಸ್.ಎಸ್. ಮದ್ದೂರು ತಾಲ್ಲೂಕಿನ ಭಾರತೀನಗರದಲ್ಲೂ ಫಾರ್ಮಸಿ ಕಾಲೇಜಿದೆ. ಆದಿಚುಂಚನಗಿರಿ ಕಾಲೇಜಿನ ಅನುಕೂಲವೆಂದರೆ ವೈದ್ಯಕೀಯ ಕಾಲೇಜು ಆಸ್ಪತ್ರೆ ಅದೇ ಆವರಣದಲ್ಲಿರುವುದು, ಹೆದ್ದಾರಿ ಬಾಗಿಲಲ್ಲೇ ಇರುವುದು.

ಇನ್ನು ತಂದೆತಾಯಂದಿರು ಕೇಳಬೇಕಾದ ಕಹಿ ಮಾತು. ‘ಮೂಳೆ ವಿಭಾಗದ ತಜ್ಞ ಫಾರ್ಮಸಿಸ್ಟ್’ ಎಂಬ ಫಲಕವುಳ್ಳ ಕುರ್ಚಿ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಲ್ಲ. ಸರ್ಕಾರಿ ಫಾರ್ಮಸಿಸ್ಟ್ ಹುದ್ದೆಗೆ ಮೂಲ ಅರ್ಹತೆ ಎರಡು ವರ್ಷದ ಡಿ.ಫಾರ್ಮ.; ಆರು ವರ್ಷ ಓದಿದವನೂ ಅದೇ ಸಾಲಿನಲ್ಲಿ ನಿಲ್ಲಬೇಕು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ವೃತ್ತಿಯ ಕರ್ತವ್ಯಗಳನ್ನು ವಿವರವಾಗಿ ಹೇಳಿವೆ, ನಿಜ. ಕಾಗದದ ಮೇಲಿನದು ವಾರ್ಡಿಗೆ ಇಳಿದಿರುವುದು ಬೋಧನಾ ಆಸ್ಪತ್ರೆಗಳಲ್ಲಿ ಮತ್ತು ಗುಣಮಟ್ಟದ ಮಾನ್ಯತೆ ಬಯಸುವ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಮಾತ್ರ. ಅಲ್ಲೂ ಆರಂಭದ ಸಂಬಳ ಓದಿನ ವರ್ಷಗಳಿಗೆ ತಕ್ಕಂತಿಲ್ಲ ಎಂಬುದು ಆ ಕ್ಷೇತ್ರದವರ ಸಾಮಾನ್ಯ ದೂರು. ಹೀಗಾಗಿ ಫಾರ್ಮ್.ಡಿ. ಮುಗಿಸಿದ ಬಹಳಷ್ಟು ಜನ ಬೆಂಗಳೂರಿನ ಕಂಪನಿಗಳಲ್ಲಿ ಔಷಧಗಳ ಅಡ್ಡಪರಿಣಾಮಗಳ ವರದಿ ಪರಿಶೀಲಿಸುವ, ಹೊಸ ಔಷಧಗಳ ಪರೀಕ್ಷೆ ನಡೆಸುವ ಕೆಲಸಕ್ಕೆ ಹೋಗುತ್ತಾರೆ. ಅದೂ ಒಳ್ಳೆಯ ಕೆಲಸವೇ, ಆದರೆ ರೋಗಿಯ ಮುಖ ಕಾಣುವುದಿಲ್ಲ. ಕೆಲವರು ಹೆಚ್ಚುವರಿ ಓದು, ತರಬೇತಿ, ನೋಂದಣಿ ಪರೀಕ್ಷೆಗಳನ್ನು ಮುಗಿಸಿ ಬ್ರಿಟನ್ ಮುಂತಾದ ಕಡೆ ನೆಲೆಸಿದ್ದಾರೆ.

ಫಾರ್ಮ್.ಡಿ. ಮಾಡಿದರೆ ಹೆಸರಿನ ಹಿಂದೆ ‘ಡಾ.’ ಸೇರುತ್ತದೆಂಬ ಒಂದೇ ಆಸೆಗೆ ಜಮೀನಿನ ಮೇಲೆ ಸಾಲ ಮಾಡಿ ಸೇರಿಸುವವರನ್ನು ಕಂಡಿದ್ದೇನೆ. ಇದು ನನಗೆ ಒಪ್ಪಿಗೆಯಿಲ್ಲ. ಡಾಕ್ಟರಾಗಲಿಲ್ಲವೆಂಬ ಕೊರಗಿಗೆ ಇದು ಮದ್ದಲ್ಲ. ಕೊರಗು ಇಟ್ಟುಕೊಂಡು ಬಂದವನು ವಾರ್ಡಿನಲ್ಲಿ ದಿನವೂ ಡಾಕ್ಟರನ್ನು ನೋಡಿ ಇನ್ನಷ್ಟು ಕೊರಗುತ್ತಾನೆ. ರಸಾಯನಶಾಸ್ತ್ರದ ಸಮೀಕರಣವನ್ನು ಸರಿದೂಗಿಸದೆ ನಿದ್ದೆ ಬಾರದ, ಬೇರೆಯವರ ಲೆಕ್ಕದಲ್ಲಿ ದಶಮಾಂಶದ ಚುಕ್ಕೆ ತಪ್ಪಿದ್ದರೆ ಥಟ್ಟನೆ ಕಾಣುವ, ಕಂಡದ್ದನ್ನು ತನಗಿಂತ ದೊಡ್ಡವರಿಗೆ ವಿನಯದಿಂದ ಆದರೆ ಅಳುಕದೆ ಹೇಳಬಲ್ಲ ಮಕ್ಕಳು ಪ್ರತಿ ತರಗತಿಯಲ್ಲೂ ಒಬ್ಬಿಬ್ಬರು ಇರುತ್ತಾರೆ. ನಾನು ಹೇಳುತ್ತಿರುವುದು ಅವರ ವಿಷಯ. ಅಂಥ ಹುಡುಗಿಯೋ ಹುಡುಗನೋ ನಿಮ್ಮ ಮನೆಯಲ್ಲಿದ್ದು, ಮೊದಲ ನಾಲ್ಕೈದು ವರ್ಷದ ಸಣ್ಣ ಸಂಬಳವನ್ನು ತಡೆದುಕೊಳ್ಳುವ ಶಕ್ತಿ ಮನೆಗಿದ್ದರೆ, ಧೈರ್ಯವಾಗಿ ಯೋಚಿಸಿ. ಶಕ್ತಿ ಇಲ್ಲದಿದ್ದರೆ ಡಿ.ಫಾರ್ಮ. ಅಥವಾ ಬಿ.ಫಾರ್ಮ. ಮುಗಿಸಿ, ಕೆಲಸ ಹಿಡಿದು, ಆಮೇಲೆ ಮುಂದೆ ಓದುವುದೇ ಜಾಣತನ.

ಸೇರಿಸುವ ಮುನ್ನ ಕಾಲೇಜಿಗೊಮ್ಮೆ ಹೋಗಿಬನ್ನಿ. ಕಟ್ಟಡ, ಬಸ್ಸು, ಹಾಸ್ಟೆಲುಗಳನ್ನು ಎಲ್ಲರೂ ತೋರಿಸುತ್ತಾರೆ. ನೀವು ಐದನೇ ವರ್ಷದ ವಿದ್ಯಾರ್ಥಿಗಳನ್ನು ಹುಡುಕಿ ಕೇಳಬೇಕಾದ್ದು ಬೇರೆ: ‘ನಿನ್ನೆ ಯಾವ ವಾರ್ಡಿನಲ್ಲಿದ್ದೆಯಪ್ಪ? ಎಷ್ಟು ಗಂಟೆ ಇದ್ದೆ? ವೈದ್ಯರು ನಿನ್ನನ್ನು ಏನಾದರೂ ಕೇಳಿದರಾ?’ ಫಾರ್ಮಸಿ ಪರಿಷತ್ತಿನ ಅನುಮತಿ ಫಾರ್ಮ್.ಡಿ.ಗೂ ಇದೆಯೇ, ಬರಿ ಬಿ.ಫಾರ್ಮ.ಗೆ ಮಾತ್ರವೇ ಎಂದು ನೋಡಿ. ಆಸ್ಪತ್ರೆ ಅವರದೇ ಆವರಣದಲ್ಲಿದೆಯೋ ಒಪ್ಪಂದದ ಆಸ್ಪತ್ರೆಯೋ, ಒಪ್ಪಂದದ್ದಾದರೆ ಕಾಲೇಜಿನಿಂದ ಎಷ್ಟು ದೂರ ಎಂದು ವಿಚಾರಿಸಿ. ಮೂಳೆ ವಿಭಾಗಕ್ಕೆ ಕಳಿಸುತ್ತಾರೆಯೇ ಎಂಬುದನ್ನೂ ಮರೆಯದೆ ಕೇಳಿ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಎಲ್ಲ ಕಾಲೇಜುಗಳೂ ಕಳಿಸಲೇಬೇಕೆಂದಿಲ್ಲ.